ನಮ್ಮ ಕೆಲಸ ಏನೆಂದರೆ

ನಾವು ಅಂದರೆ ಇಬ್ಬರು. ಒಬ್ಬ ದೇವದುರ್ಗ ತಾಲ್ಲೂಕಿನವ, ಇನ್ನೊಬ್ಬ ಮಾನ್ವಿ ಕಡೆಯವ. ರಾಯಚೂರಿನ ಹಾಸ್ಟೆಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಪುಸ್ತಕ ಹಂಚಿಕೊಂಡು ಕಂಪ್ಯೂಟರ್ ಕಲಿತವರು. ಈ ಬರಹದಲ್ಲಿ ಯಾವುದು ಯಾರಿಗೆ ಆಯಿತು ಎಂದು ಬಿಡಿಸಿ ಹೇಳುವುದಿಲ್ಲ. ಬಿಡಿಸಿದರೂ ಹೆಚ್ಚೇನು ವ್ಯತ್ಯಾಸ ಕಾಣದು. ಇಬ್ಬರ ಅಪ್ಪಂದಿರೂ ಗೌಡರ ಮನೆಯಲ್ಲಿ ಜೀತಕ್ಕಿದ್ದವರು. ಇಬ್ಬರ ಅವ್ವಂದಿರೂ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿದವರು.

2019ರಲ್ಲಿ ಒಂದು ಸಲ ಊರಿಗೆ ಹೋದಾಗ ಅವ್ವ ಕೇಳಿದಳು.

"ಅಲ್ಲಪಾ, ಏಳ್ ವರ್ಷ ಆತು ಬೆಂಗ್ಳೂರ ಸೇರಿ. ನಿನ್ ಮಗ ಏನ್ ಕೆಲ್ಸ ಮಾಡ್ತಾನ ಅಂತ ಯಾರರ ಕೇಳಿದ್ರ ನಾ ಏನಂತ ಹೇಳ್ಲಿ?"

"ಕಂಪ್ಯೂಟರ್ ಕೆಲ್ಸ ಅಂತ ಹೇಳಬೇ."

"ಅದು ನನಗೂ ಗೊತ್ತದ. ಅದರಾಗ ಏನ್ ಮಾಡ್ತೀರಿ? ಮಣ್ಣು ಹೊತ್ರ ಒಡ್ಡು ಆಗ್ತದ. ಹತ್ತಿ ಬಿಡಿಸಿದ್ರ ಗಂಟು ಆಗ್ತದ. ನೀವು ಮಾಡಿದ್ದು ಎಲ್ಲಿ ಕಾಣ್ತದ?"

ನಮಗೆ ಬಾಯಿ ಬರಲಿಲ್ಲ. ದೂರದೇಶದ ಅಂಗಡಿಯೊಂದರ ಗೋದಾಮಿನಲ್ಲಿ ಯಾವ ಪೆಟ್ಟಿಗೆ ಯಾವ ಅಟ್ಟದ ಮೇಲಿದೆ, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂದು ಲೆಕ್ಕ ಇಡುವ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಆ ಗೋದಾಮನ್ನು ನಾವೂ ಕಂಡಿಲ್ಲ. ಅವ್ವನಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯಲು ನೋಡುತ್ತೇವೆ. ಓದುವವರಲ್ಲಿ ಹಳ್ಳಿಯ ಮಾಸ್ತರರಿದ್ದೀರಿ, ಹಾಸ್ಟೆಲಿನಲ್ಲಿ ಓದುವ ಹುಡುಗ ಹುಡುಗಿಯರಿದ್ದೀರಿ. ನಿಮಗೆ ಉಪಯೋಗವಾದರೆ ಆಗಲಿ.

ನಮ್ಮ ಸೀಮೆ ನಿಮಗೆ ಗೊತ್ತಿರುವುದೇ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ಬಾಯಾರಿದ ನೆಲ. ಎಡದಂಡೆ ಕಾಲುವೆಯ ನೀರು ಮಾನ್ವಿಯ ಕೊನೇ ಹೊಲಕ್ಕೆ ಬರುವಷ್ಟರಲ್ಲಿ ಮೇಲಿನವರ ಗದ್ದೆಗಳಲ್ಲೇ ಮುಗಿದಿರುತ್ತದೆ. 2002ರಲ್ಲಿ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ ಇತ್ತು. ಶಕ್ತಿನಗರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ. ಎಂಟು ಘಟಕ ಸೇರಿ 1720 ಮೆಗಾವಾಟ್. ನಾಡಿಗೆಲ್ಲ ಬೆಳಕು ಹೋಯಿತು. ನಾವು ಮಾತ್ರ ಎಸ್ಸೆಸ್ಸೆಲ್ಸಿ ಓದಿದ್ದು ಚಿಮಣಿ ಬುಡ್ಡಿಯಲ್ಲಿ. ಕರೆಂಟು ಹೋದ ಹೊತ್ತಿನಲ್ಲಿ ಅಂತಲ್ಲ, ಮನೆಗೆ ಕರೆಂಟು ಇರಲೇ ಇಲ್ಲ.

ಕಂಪ್ಯೂಟರನ್ನು ಮೊದಲು ಮುಟ್ಟಿದ್ದು ಕಾಲೇಜಿನಲ್ಲಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ತಹಶೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ದಿನಕ್ಕೆ ಮೂವತ್ತು ರೂಪಾಯಿ ಕೂಲಿ. ಕಸ ಗುಡಿಸುವುದು, ಚಹಾ ತರುವುದು, ಕಾಗದ ಜೋಡಿಸುವುದು. ಟೈಪು ಮಾಡುವ ಅಣ್ಣ ಮಧ್ಯಾಹ್ನ ಊಟಕ್ಕೆ ಹೋದಾಗ ಅವನ ಕುರ್ಚಿ ಖಾಲಿ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಆ ನುಡಿ ತಂತ್ರಾಂಶದಲ್ಲಿತ್ತು. ಇಂಗ್ಲಿಷಿನ 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕೆಂದರೆ ನಡುವೆ 'ಎಫ್' ಒತ್ತಬೇಕು. ಒಂದು ವಾರದಲ್ಲಿ ಬೆರಳಿಗೆ ಹತ್ತಿತು. ತಿಂಗಳಾದ ಮೇಲೆ ಅಣ್ಣನೇ ಅರ್ಜಿಗಳನ್ನೆಲ್ಲ ನಮ್ಮ ಕಡೆ ದೂಡತೊಡಗಿದ. ಕೂಲಿ ಮಾತ್ರ ಮೂವತ್ತೇ.

ಆ ಅರ್ಜಿಗಳು ನಮಗೆ ಶಾಲೆ ಕಲಿಸದ್ದನ್ನು ಕಲಿಸಿದವು. 'ಮಾನ್ಯ ತಹಶೀಲ್ದಾರರಲ್ಲಿ ವಿನಂತಿ' ಎಂದು ಶುರುವಾಗುವ ಎಷ್ಟು ಕಾಗದ ಟೈಪು ಮಾಡಿದೆವೋ ಲೆಕ್ಕವಿಲ್ಲ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಅದಕ್ಕೆ 1978ರಲ್ಲೇ ಕಾನೂನು ಆಗಿದೆ ಎಂಬ ಸಂಗತಿ ನಮಗೆ ತಿಳಿದದ್ದೇ ಒಬ್ಬ ಮುದುಕಿಯ ಅರ್ಜಿ ಟೈಪು ಮಾಡುವಾಗ. ಆಕೆ ಹೇಳಿದಳು, ವಕೀಲರ ಗುಮಾಸ್ತ ಬರೆದುಕೊಟ್ಟ, ನಾವು ಒತ್ತಿದೆವು. ಒತ್ತುತ್ತ ಒತ್ತುತ್ತ ನಮ್ಮ ತಾತನ ಎರಡೆಕರೆ ನೆನಪಾಯಿತು. (ಅದು ಬೇರೆ ಕತೆ. ಇನ್ನೂ ಮುಗಿದಿಲ್ಲ.)

ಇಂಜಿನಿಯರಿಂಗ್ ಸೇರಿದ್ದು 2008ರಲ್ಲಿ. ಅಲ್ಲಿ ಮೂವರಿಗೆ ಒಂದು ಕಂಪ್ಯೂಟರು. ಮೊದಲ ಕುರ್ಚಿಯಲ್ಲಿ ಇಂಗ್ಲಿಷ್ ಬಲ್ಲವ ಕೂಡುತ್ತಿದ್ದ, ಎರಡನೆಯದರಲ್ಲಿ ಅವನ ಗೆಳೆಯ. ಮೂರನೆಯದು ನಮ್ಮದು. ಆ ಕುರ್ಚಿಗೆ ಕೀಲಿಮಣೆ ನಿಲುಕುತ್ತಿರಲಿಲ್ಲ. ನೀವು ಮುಟ್ಟಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳದ ಹಾಗೆ ಕುರ್ಚಿಗಳಿದ್ದವು. ಝೆರಾಕ್ಸ್ ಅಂಗಡಿಯಲ್ಲಿ ನಿಮಿಷಕ್ಕೆ ನಲವತ್ತು ಪದ ಒತ್ತುತ್ತಿದ್ದ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದೆವು.

ಹಾಗಾಗಿ ನಾವು ಪ್ರೋಗ್ರಾಂ ಕಲಿತದ್ದು ನೋಟುಪುಸ್ತಕದಲ್ಲಿ. ಹಾಸ್ಟೆಲಿನ ಜಗಲಿಯ ಮೇಲೆ ಕೂತು ಒಬ್ಬ ಬರೆಯುವುದು, ಇನ್ನೊಬ್ಬ ಕಂಪ್ಯೂಟರ್ ಆಗುವುದು. ಬರೆದವನು ಹೇಳಿದಷ್ಟನ್ನೇ ಕಂಪ್ಯೂಟರ್ ಆದವನು ಮಾಡಬೇಕು. ತಿಳಿದುಕೊಂಡು ಹೆಚ್ಚಿಗೆ ಮಾಡಿದರೆ ತಪ್ಪು. ಸಾಲು ಸಾಲಾಗಿ ಹೋಗಿ, ಎಲ್ಲಿ ಯಾವ ಅಂಕಿ ಇದೆ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಗೀಚಿ, ತಪ್ಪು ಸಿಕ್ಕಿದಲ್ಲಿ ನಿಲ್ಲಬೇಕು. ಹಾಗೆ ನೂರಾರು ಹಾಳೆ ತುಂಬಿಸಿದೆವು. ಮುಂದೆ ಕೆಲಸಕ್ಕೆ ಸೇರಿದಾಗ ನಮ್ಮ ತಂಡದವರು ತಪ್ಪು ಹುಡುಕಲು ಯಂತ್ರದ ಸಹಾಯ ಕೇಳುತ್ತಿದ್ದರು. ನಾವು ಕಣ್ಣಿನಿಂದಲೇ ಹಿಡಿದುಕೊಡುತ್ತಿದ್ದೆವು. ಅದನ್ನು ಬುದ್ಧಿವಂತಿಕೆ ಅಂದರು. ಮೂರನೇ ಕುರ್ಚಿಯ ಪುಣ್ಯ ಅದು.

ಕಷ್ಟವಾದದ್ದು ಇಂಗ್ಲಿಷು. ತಪ್ಪಾದಾಗ ಯಂತ್ರ ಇಂಗ್ಲಿಷಿನಲ್ಲಿ ಬೈಯುತ್ತದೆ. ಆ ಬೈಗಳ ಅರ್ಥ ಮಾಡಿಕೊಳ್ಳಲು ನಿಘಂಟು ಬೇಕು. ಕಂಪ್ಯೂಟರಿನ ಮಾತುಗಳೂ ಎಂಥವು ನೋಡಿ. ಒಂದು ಕೆಲಸವನ್ನು ನಿಲ್ಲಿಸುವುದಕ್ಕೆ 'ಕಿಲ್' ಅನ್ನುತ್ತಾರೆ, ತಾಯಿ ಕೆಲಸ ಸತ್ತು ಉಳಿದ ಮರಿ ಕೆಲಸಕ್ಕೆ 'ಆರ್ಫನ್' ಅನ್ನುತ್ತಾರೆ. ಎರಡನೇ ವರ್ಷ ಲ್ಯಾಬಿನಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ತೋರಿಸಿದರು. ಒಂದೇ ಪಟ್ಟಿಗೆ ಎರಡು ಡಿಸ್ಕು ಸಿಕ್ಕಿಸಿದ್ದರು. ಒಂದಕ್ಕೆ 'ಮಾಸ್ಟರ್', ಇನ್ನೊಂದಕ್ಕೆ 'ಸ್ಲೇವ್'. ಡಿಸ್ಕಿನ ಹಿಂದೆ ಪುಟ್ಟ ಮೊಳೆಯಂಥದ್ದನ್ನು ಎಲ್ಲಿ ಚುಚ್ಚುತ್ತೀರಿ ಅನ್ನುವುದರ ಮೇಲೆ ಅದು ಒಡೆಯನೋ ಜೀತವೋ ತೀರ್ಮಾನವಾಗುತ್ತದೆ. ಎರಡೂ ಡಿಸ್ಕುಗಳು ಒಂದೇ ಕಾರ್ಖಾನೆಯವು, ಒಂದೇ ಅಳತೆಯವು.

ಆ ರಾತ್ರಿ ನಾವು ಅದರ ಬಗ್ಗೆಯೇ ಮಾತಾಡಿದೆವು. ಜೀತ ಪದ್ಧತಿ ನಿಷೇಧದ ಕಾನೂನು 1976ರಲ್ಲೇ ಬಂದಿತ್ತು. ಅದು ಬಂದ ಮೇಲೂ ಎಷ್ಟೋ ವರ್ಷ ನಮ್ಮ ಅಪ್ಪಂದಿರು ಗೌಡರ ದನದ ಕೊಟ್ಟಿಗೆಯಲ್ಲೇ ಮಲಗಿದರು. ಯಂತ್ರಗಳ ಲೋಕದಲ್ಲಿ ಬಿಡುಗಡೆ ಇನ್ನೂ ತಡವಾಗಿ ಬಂತು. ಪೈಥಾನ್ ಭಾಷೆಯನ್ನು ಬೆಳೆಸುವವರು ಒಡೆಯ–ಗುಲಾಮ ಎಂಬ ಮಾತುಗಳನ್ನು ತೆಗೆಯಲು ಹೊರಟದ್ದು 2018ರಲ್ಲಿ. ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಬರಹ ಇಡುವ ಗಿಟ್‌ಹಬ್ ಎಂಬ ಉಗ್ರಾಣ 'ಮಾಸ್ಟರ್' ಎಂಬ ಹೆಸರನ್ನು ಬಿಟ್ಟು 'ಮೇನ್' ಎಂದು ಮಾಡಿಕೊಂಡದ್ದು 2020ರ ಅಕ್ಟೋಬರಿನಲ್ಲಿ, ಜಾರ್ಜ್ ಫ್ಲಾಯ್ಡ್ ಕೊಲೆಯಾಗಿ ಅಮೆರಿಕದ ಬೀದಿಗಳು ಹೊತ್ತಿ ಉರಿದ ಮೇಲೆ. ನಮ್ಮ ಆಫೀಸಿನಲ್ಲಿ ಕೆಲವರು ನಕ್ಕರು. 'ಹೆಸರು ಬದಲಿಸಿದರೆ ಏನಾಗುತ್ತದೆ?' ಅಂದರು. ಹೆಸರು ಬದಲಿಸಿದರೆ ಹೊಟ್ಟೆ ತುಂಬುವುದಿಲ್ಲ, ಅದು ನಮಗೂ ಗೊತ್ತು. ಆದರೆ ಅಂತಹ ಹೆಸರಿನಿಂದ ಕೂಗಿಸಿಕೊಂಡವರು ಅಂದು ನಗಲಿಲ್ಲ.

ಆಫೀಸಿನ ಮಾತು ಬಂತು. ಅಲ್ಲಿನ ದಿನಚರಿ ಹೇಳಿಬಿಡುತ್ತೇವೆ. ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರೂ ನಿಂತುಕೊಂಡು ಮಾಡುವ ಮೀಟಿಂಗು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೀ, ಏನು ಅಡ್ಡಿ ಇದೆ, ಮೂರೇ ಮಾತು. ನಮ್ಮ ಅಪ್ಪನೂ ದಿನಾ ಬೆಳಿಗ್ಗೆ ಗೌಡರ ಅಂಗಳದಲ್ಲಿ ನಿಲ್ಲುತ್ತಿದ್ದ. ಅಡ್ಡಿ ಏನೆಂದು ಅವನನ್ನು ಯಾರೂ ಕೇಳಲಿಲ್ಲ. ಮೀಟಿಂಗು ಮುಗಿದರೆ ಸಂಜೆಯವರೆಗೆ ಪರದೆಯ ಮುಂದೆ. ಹೊಸದು ಬರೆಯುವುದು ಕಡಿಮೆ. ಹಳಬರು ಬರೆದಿಟ್ಟದ್ದನ್ನು ಓದಿ, ಎಲ್ಲಿ ಮುರಿದಿದೆ ಎಂದು ಹುಡುಕಿ, ಇನ್ನೊಂದು ಕಡೆ ಮುರಿಯದ ಹಾಗೆ ರಿಪೇರಿ ಮಾಡುವುದೇ ಹೆಚ್ಚು. ಹಳೆಯ ಕೌದಿಗೆ ತೇಪೆ ಹಚ್ಚಿದಂತೆ. ತಿಂಗಳಿಗೆ ಒಂದು ವಾರ ರಾತ್ರಿ ಪಾಳಿ. ಫೋನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಬೇಕು. ಸಂಬಳ ಒಳ್ಳೆಯದು, ಅದನ್ನು ಮುಚ್ಚಿಡುವುದಿಲ್ಲ. ಇಬ್ಬರ ಮನೆಗೂ ಸ್ಲ್ಯಾಬು ಬಿತ್ತು, ಇಬ್ಬರು ತಂಗಿಯರು ಡಿಗ್ರಿ ಓದಿದರು.

ಆದರೆ ಕುರ್ಚಿಯ ಕತೆ ಅಲ್ಲಿಯೂ ಇದೆ. 'ನಿಮ್ಮ ಪೂರ್ತಿ ಹೆಸರೇನು?' 'ರಾಯಚೂರಲ್ಲಿ ನೀವು ಯಾವ ಕಡೆಯವರು?' 'ವೆಜ್ಜೋ ನಾನ್‌ವೆಜ್ಜೋ?' ಹಳ್ಳಿಯಲ್ಲಿ ನೇರವಾಗಿ ಕೇಳುವುದನ್ನು ಇಲ್ಲಿ ಸುತ್ತಿ ಬಳಸಿ ಕೇಳುತ್ತಾರೆ. ಆಯುಧಪೂಜೆಯ ದಿನ ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ, ಸರ್ವರಿನ ಮುಂದೆ ಕುಂಬಳಕಾಯಿ ಒಡೆಯುತ್ತಾರೆ. ಆ ವರ್ಷ ಮಂಗಳಾರತಿ ತಟ್ಟೆ ಯಾರು ಹಿಡಿಯಬೇಕು ಎಂಬ ಮಾತು ಬಂದಾಗ, ಯಾರೂ ಏನೂ ಹೇಳದೆ, ತಟ್ಟೆ ತಾನಾಗಿಯೇ ಹೋಗಿ ಒಬ್ಬನ ಕೈಯಲ್ಲಿ ಕೂತಿತು. ಅದು ಎಂದೂ ನಮ್ಮ ಕಡೆ ದಾರಿ ತಪ್ಪಿ ಬಂದಿಲ್ಲ. ನಮಗೆ ಆ ತಟ್ಟೆ ಬೇಕಾಗಿಲ್ಲ. ಆದರೂ ಗಮನಿಸಿದೆವು. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರಸಭೆ ಜಾತಿಯ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸಿದಾಗ 'ಅಲ್ಲೆಲ್ಲಿದೆ ಜಾತಿ? ಸುಮ್ಮನೆ ಹೆಸರು ಕೆಡಿಸುತ್ತಾರೆ' ಎಂದು ನಮ್ಮ ತಂಡದವರು ಸಿಟ್ಟಾದರು. ನಾವು ಕೆಲಸ ಇದ್ದವರಂತೆ ಪರದೆ ನೋಡಿದೆವು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇವೆ. ಮುಂದೂಡುತ್ತಲೇ ಇದ್ದೆವು.

ನಮ್ಮ ಸೀಮೆಯ ಜನ ಬೆಂಗಳೂರಿಗೆ ಎರಡು ತರಹ ಹೋಗುತ್ತಾರೆ. ಕಟ್ಟಡ ಕಟ್ಟಲು ಹೋಗುವವರು ಸಾವಿರಾರು. ಕಟ್ಟಿದ ಕಟ್ಟಡದಲ್ಲಿ ಕೂಡಲು ಹೋಗುವವರು ನಮ್ಮಂಥ ನಾಲ್ಕು ಜನ. ಆಫೀಸಿನ ಹಿಂದಿನ ಖಾಲಿ ಜಾಗದಲ್ಲಿ ನೀಲಿ ತಾಡಪತ್ರಿಯ ಗುಡಿಸಲುಗಳು. ಕಾಂಪೌಂಡಿನ ಆಚೆಯಿಂದ ಕೇಳುವ ಮಾತು ನಮ್ಮದೇ. 'ಹೊಂಟೆ', 'ಬಾರಲೇ', 'ಎಲ್ಲಿಟ್ಟೀದಿ'. ಒಂದು ದಿನ ಮಧ್ಯಾಹ್ನ ನಾಲ್ಕೈದು ಜನ ಸೇರಿ ಕಾಫಿಗೆ ಹೋಗುತ್ತಿದ್ದೆವು. ಹೊಸ ಕಟ್ಟಡದ ಬುಡದಲ್ಲಿ ಜಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು ನೋಡಿದಳು. ಬುಟ್ಟಿ ಇಳಿಸಿ ಕೂಗಿದಳು.

"ಏ ತಮ್ಮಾ! ನಾ ನಿಮ್ ಚಿಗವ್ವೋ! ಗುರುತು ಹತ್ತಲಿಲ್ಲೇನಪಾ?"

ಗುರುತು ಹತ್ತಿತ್ತು. ಇಬ್ಬರಲ್ಲಿ ಒಬ್ಬನ ಸ್ವಂತ ಚಿಗವ್ವ. ಹಾಸ್ಟೆಲಿಗೆ ಹೋಗುವ ದಿನ ತನ್ನ ಸೆರಗಿನ ಗಂಟು ಬಿಚ್ಚಿ ಹನ್ನೊಂದು ರೂಪಾಯಿ ಕೊಟ್ಟವಳು. ಜೊತೆಗಿದ್ದವರಲ್ಲಿ ಒಬ್ಬ ಕೇಳಿದ, 'ನಿಮ್ಮನ್ನಾ ಕರೀತಿರೋದು?' ಕರೆದದ್ದು ಒಬ್ಬನನ್ನು. ಆದರೆ ಇಬ್ಬರೂ ಇದ್ದೆವು. ಇಬ್ಬರೂ ತಿರುಗಲಿಲ್ಲ. 'ಇಲ್ಲ, ಬೇರೆ ಯಾರನ್ನೋ' ಅಂದೆವು. ಕಾಫಿ ಕುಡಿದೆವು.

ಸಂಜೆ ಹೋಗಿ ಆ ಗುಡಿಸಲುಗಳ ಸುತ್ತ ಎರಡು ಸಲ ತಿರುಗಿದೆವು. ಒಳಗೆ ಹೋಗುವ ಮುಖ ಇರಲಿಲ್ಲ. ಇದನ್ನು ಬರೆಯುವಾಗ 'ನಾನು' ಎಂದು ಬರೆಯಲು ಕೂತರೆ ಇಬ್ಬರಿಗೂ ಕೈ ನಡೆಯಲಿಲ್ಲ. 'ನಾವು' ಅನ್ನುವುದರಲ್ಲಿ ಅಡಗಿಕೊಳ್ಳುತ್ತಿದ್ದೇವೇನೋ, ಓದುವವರು ಹೇಳಬೇಕು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಎಂದರು. ಮೇ ತಿಂಗಳ ಶುರುವಿನಲ್ಲಿ ಸರ್ಕಾರ ಕೂಲಿಯವರಿಗೆ ಬಸ್ಸು ಬಿಟ್ಟಾಗ ನಾವೂ ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತೆವು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಚಿಗವ್ವ. ಮಾಸ್ಕಿನ ಮೇಲೂ ನಮ್ಮನ್ನು ಗುರುತಿಸಿದಳು. ಚಿತ್ರದುರ್ಗ ದಾಟಿದ ಮೇಲೆ ಗಂಟು ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ನಾವು ತಿಂದೆವು. ಆಮೇಲೆ ಕೇಳಿದಳು.

"ಆವತ್ತು ಕರದಿದ್ದೆ. ಕೇಳಿಸಲಿಲ್ಲೇನು?"

"ಕೇಳಿಸಿತ್ತಬೇ ಚಿಗವ್ವಾ."

ಆಕೆ ಕಿಟಕಿಯಾಚೆ ನೋಡಿದಳು. "ಕೊಳ್ಳಾಗ ಹಗ್ಗ ಇತ್ತು ನಿಮಗ," ಅಂದಳು. ಗುರುತಿನ ಚೀಟಿಯ ದಾರ ಅದು. ಮುಂದೆ ಸಿಂಧನೂರು ಬರುವತನಕ ಮಾತಿಲ್ಲ.

ಊರಿಗೆ ಬಂದರೆ ಬೇರೆಯೇ ಪಂಚಾಯಿತಿ. ಮಾನ್ವಿ ಕಡೆಯ ಹಳ್ಳಿಯಲ್ಲಿ ನೆಟ್‌ವರ್ಕೇ ಇಲ್ಲ. ಹಾಗಾಗಿ ಇಬ್ಬರೂ ದೇವದುರ್ಗದ ಕಡೆ ಸೇರಿದೆವು. ಅಲ್ಲಿ ಸಿಗ್ನಲ್ ಹಿಡಿಯುವ ಜಾಗ ಊರಿಗೆಲ್ಲ ಒಂದೇ. ಅದು ಹಣಮಪ್ಪನ ಗುಡಿ ಕಟ್ಟೆ. ಕೇರಿಯವರು ಆ ಕಟ್ಟೆ ಹತ್ತಿದ್ದಿಲ್ಲ. ಮೊದಲ ದಿನ ಕೂತೆವು, ಮೀಟಿಂಗು ಮುಗಿಸಿದೆವು. ಎರಡನೇ ದಿನ ಹಿರಿಯರೊಬ್ಬರು ಬಂದು ಬಹಳ ಮೆತ್ತಗೆ ಹೇಳಿದರು. "ತಮ್ಮಾ, ನೀವು ಓದಿದವ್ರು. ನಿಮಗ ಹೇಳೋದು ಛಲೋ ಅಲ್ಲ. ಖರೆ ಹಿರ್ಯಾರು ಹಾಕಿದ ಪದ್ಧತಿ ಅದ. ಹುಡುಗ್ರು ಒಂದ ತರ ಇರಂಗಿಲ್ಲ, ನಾಳೆ ಏನರ ಆದ್ರ ನನಗ ಕೆಟ್ಟ ಹೆಸರು." ಮೂರನೇ ದಿನ ಹೋದಾಗ ಕಟ್ಟೆಯನ್ನು ಸಗಣಿ ನೀರು ಹಾಕಿ ತೊಳೆದಿದ್ದರು. ಇನ್ನೂ ಹಸಿ ಇತ್ತು.

ದೌರ್ಜನ್ಯ ತಡೆ ಕಾನೂನು 1989ರಿಂದ ಇದೆ. ನೀವು ಕಂಪ್ಲೇಂಟು ಕೊಟ್ಟಿರೇನು ಎಂದು ಗೆಳೆಯರು ಕೇಳುತ್ತಾರೆ. ಕೊಡಲಿಲ್ಲ. ಅವ್ವ ಅವರದೇ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಲಾಕ್‌ಡೌನಿನಲ್ಲಿ ಊರೇ ಮುಚ್ಚಿತ್ತು. ನಾವು ತಿರುಗಿ ಹೋಗುವವರು, ಉಳಿಯುವವರು ಅವರು. ಇದು ಸರಿಯೇ ಎಂದು ಇಂದಿಗೂ ಇಬ್ಬರಲ್ಲಿ ಜಗಳವಿದೆ.

ಊರ ಹೊರಗಿನ ಗುಡ್ಡದ ಬಂಡೆ ಹತ್ತಿದೆವು. ಅಲ್ಲಿ ಎರಡು ಗೆರೆ ಸಿಗ್ನಲ್ ಬಂತು. ರಾಯಚೂರಿನ ಮೇ ತಿಂಗಳ ಬಿಸಿಲು ಗೊತ್ತಲ್ಲ, ಲ್ಯಾಪ್‌ಟಾಪು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಹಳೆಯ ಸೀರೆ ಕಟ್ಟಿ ನೆರಳು ಮಾಡಿಕೊಂಡೆವು. ನಾಲ್ಕು ದಿನಕ್ಕೆ ಕೇರಿಯ ಹುಡುಗರು ಒಬ್ಬೊಬ್ಬರಾಗಿ ಏರಿ ಬರತೊಡಗಿದರು. ಶಾಲೆ ಮುಚ್ಚಿತ್ತು. ಆನ್‌ಲೈನ್ ಪಾಠ ಅನ್ನುತ್ತಿದ್ದರು, ಅವರಲ್ಲಿ ಫೋನಿದ್ದವರು ಯಾರೂ ಇಲ್ಲ. ಸಂಜೆ ಕೆಲಸ ಮುಗಿದ ಮೇಲೆ ಒಂದು ತಾಸು ಅವರದ್ದು.

ಒಂದೇ ಕೆಲಸವನ್ನು ಯಂತ್ರ ಮತ್ತೆ ಮತ್ತೆ ಮಾಡುವ 'ಲೂಪ್' ಎಂಬುದನ್ನು ನಮಗೆ ಕಾಲೇಜಿನಲ್ಲಿ ಮೂರು ಪಾಠ ಮಾಡಿಯೂ ತಿಳಿಸಲಾಗಿರಲಿಲ್ಲ. ಇಲ್ಲಿ ಏಳನೇ ಇಯತ್ತೆಯ ಹುಡುಗಿಯೊಬ್ಬಳು ತಾನೇ ಹೇಳಿದಳು. "ಹತ್ತಿ ಬಿಡಿಸಿದಂಗಲ್ರಿ ಅಣ್ಣಾ? ಗಿಡದಾಗ ಹತ್ತಿ ಇರೋತನಕ ಬಿಡಿಸೋದು. ಮುಗೀತು ಅಂದ್ರ ಮುಂದಿನ ಗಿಡ. ಸಾಲು ಮುಗೀತು ಅಂದ್ರ ಮುಂದಿನ ಸಾಲು." ಲೂಪಿನ ಒಳಗೊಂದು ಲೂಪು, ಅದರೊಳಗೆ ಇನ್ನೊಂದು. ಹುಳಿ ತಿಂದ ಕಾಯಿ ಬಂದರೆ ಏನು ಮಾಡುತ್ತೀ ಎಂದು ಕೇಳಿದೆವು. "ಅದನ್ನ ಬಿಟ್ಟು ಮುಂದ ಹೋಗೋದು," ಅಂದಳು. ಪೈಥಾನಿನಲ್ಲಿ ಅದಕ್ಕೊಂದು ಮಾತೇ ಇದೆ. ಪೈಥಾನ್ ಅಂದರೆ ಹೆಬ್ಬಾವು ಎಂದು ಅವ್ವನಿಗೆ ಹುಡುಗರು ಹೇಳಿಬಿಟ್ಟಿದ್ದರು. "ಗುಡ್ಡದ ಮ್ಯಾಲ ಹೆಬ್ಬಾವು ಇಟ್ಕೊಂಡು ಏನ್ ಮಾಡ್ತೀರಲೇ" ಎಂದು ಆಕೆ ಗಾಬರಿಯಾದಳು. (ಹೆಸರಿಟ್ಟವನು ಹಾವು ನೋಡಿ ಇಟ್ಟದ್ದಲ್ಲವಂತೆ, ಇಂಗ್ಲೆಂಡಿನ ಒಂ‍ದು ಹಾಸ್ಯ ತಂಡದ ಹೆಸರದು.)

ಇನ್ನು ನಮ್ಮ ಹವ್ಯಾಸ. ಮಾನ್ವಿ ಕಡೆ ನಮಗೆ ಕನ್ನಡ ಕಲಿಸಿದ ಮಾಸ್ತರರೊಬ್ಬರಿದ್ದಾರೆ, ರಿಟೈರ್ ಆಗಿದ್ದಾರೆ. ಎಂಬತ್ತರ ದಶಕದ ಸಂಘಟನೆಯ ಕರಪತ್ರ, ಸಭೆಯ ಟಿಪ್ಪಣಿ, ಕೇರಿಯ ಹೆಂಗಸರು ಹೇಳಿದ ಹಾಡು, ಸಂಕಟ, ಎಲ್ಲವನ್ನೂ ಒಂದು ಟ್ರಂಕಿನಲ್ಲಿ ಇಟ್ಟಿದ್ದರು. ಅವನ್ನೆಲ್ಲ ವರ್ಷಗಟ್ಟಲೆ ಕೂತು ನುಡಿಯಲ್ಲಿ ಟೈಪು ಮಾಡಿಸಿದ್ದರು. 2021ರ ಜೂನ್ 11ರಂದು ಕವಿ ಸಿದ್ಧಲಿಂಗಯ್ಯ ತೀರಿಕೊಂಡ ದಿನ ಸಂಜೆ ಅವರ ಫೋನು ಬಂತು. ದನಿ ಒಡೆದಿತ್ತು. 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ತಾವು ಕಾಲೇಜು ಹುಡುಗ, ಕೈಯಲ್ಲಿ ಬರೆದುಕೊಂಡು ಹಂಚಿದ್ದೆವು ಅಂದರು. ಆಮೇಲೆ, "ನನ್ನ ಫೈಲು ಈಗಿನ ಫೋನಿನಾಗ ತೆಗದ್ರ ಬರೇ ಇಂಗ್ಲಿಷಿನ ಹುಳ ಕಾಣ್ತಾವಪಾ. ನಾನೂ ಹೋದ್ರ ಯಾರು ಓದ್ತಾರ ಇದನ್ನ?" ಅಂದರು.

ಅದಕ್ಕೆ ಕಾರಣವಿದೆ. ಹಳೆಯ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಯಂತ್ರದ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಅಂಕಿಗಳೇ. ಅವುಗಳ ಮೇಲೆ ಕನ್ನಡದ ಚಿತ್ರ ಅಂಟಿಸಿದ್ದರು. ಆ ಚಿತ್ರಗಳ ಫಾಂಟು ಇಲ್ಲದ ಕಡೆ ಒಳಗಿನ ಇಂಗ್ಲಿಷು ಬಯಲಾಗುತ್ತದೆ. ಯೂನಿಕೋಡ್ ಎಂಬ ಜಗತ್ತಿನ ಒಪ್ಪಂದದಲ್ಲಿ ಮಾತ್ರ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಅಂಕಿ ಇದೆ. ಹಳೆಯದನ್ನು ಹೊಸದಕ್ಕೆ ಬದಲಿಸುವ ಪ್ರೋಗ್ರಾಂಗಳು ಆಗಲೇ ಇದ್ದವು. ಆದರೂ ನಾವೇ ಬರೆಯಲು ಕೂತೆವು. ಕಲಿಯುವ ಹಟ.

ಮೊದಲ ಪ್ರಯತ್ನದಲ್ಲಿ ಮಾಸ್ತರರ ಕರಪತ್ರದ 'ವರ್ಗ' ಎಂಬುದು 'ವಗರ್' ಆಗಿ, 'ಕರ್ನಾಟಕ' ಹೋಗಿ 'ಕನಾರ್ಟಕ' ಆಗಿ ಹೊರಬಿತ್ತು. ಇಂಥ ಬರಹ ನೀವೂ ಎಷ್ಟೋ ಕಡೆ ಕಂಡಿರುತ್ತೀರಿ. ಅರ್ಕಾವತ್ತನ್ನು ನಾವು ಬಾಯಲ್ಲಿ ಮೊದಲು ಹೇಳುತ್ತೇವೆ, ಕಾಗದದ ಮೇಲೆ ಆಮೇಲೆ ಬರೆಯುತ್ತೇವೆ. ಹಳೆಯ ಫೈಲಿನಲ್ಲಿ ಅದು ಬರೆದ ಕಡೆ ಇರುತ್ತದೆ, ಹೊಸದರಲ್ಲಿ ಹೇಳಿದ ಕಡೆ ಇರಬೇಕು. ಅಂದರೆ ಅದನ್ನು ಎತ್ತಿ ಒಂದು ಪೂರ್ತಿ ಅಕ್ಷರದ ಹಿಂದಕ್ಕೆ ತಂದು ಕೂರಿಸಬೇಕು. ಆ ಅಕ್ಷರಕ್ಕೆ ಗುಡಿಸು, ಕೊಂಬು, ಒತ್ತು ಏನೇನಿವೆಯೋ ಅವನ್ನೆಲ್ಲ ದಾಟಿ. ಇದೊಂದಕ್ಕೇ ಆರು ಭಾನುವಾರ ಹಿಡಿದವು. ಸರಿಯಾದ ದಿನ ಮಾಸ್ತರರಿಗೆ ಒಂದು ಪುಟ ಕಳಿಸಿದೆವು. "ವರ್ಗ ಈಗ ಸರಿಯಾಗ್ಯದ" ಎಂದು ಉತ್ತರ ಬರೆದರು. ಅವರ ಚೇಷ್ಟೆ ಮೊದಲಿನಂತೆಯೇ.

ಈ ಕೆಲಸ ಮಾಡುವಾಗ ಗೊತ್ತಾದ ಇನ್ನೊಂದು ಸಂಗತಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ. ಆದರೆ ಯೂನಿಕೋಡಿನಲ್ಲಿ ಒತ್ತಿಗೆ ಬೇರೆ ಅಂಕಿ ಇಲ್ಲ. 'ಅವ್ವ' ಎಂದು ಬರೆದರೆ ಒಳಗಿರುವುದು ನಾಲ್ಕು ಅಂಕಿ. 3205, 3253, 3277, 3253. ಮೊದಲನೆಯದು ಅ. ಎರಡನೆಯದೂ ನಾಲ್ಕನೆಯದೂ ವ. ನಡುವಿನದು ಅವೆರಡನ್ನೂ ಹೆಣೆಯುವ ಗುರುತು. ಇದನ್ನು ಅವ್ವನಿಗೆ ತೋರಿಸಿದೆವು.

"ಕೆಳಗಿನ ವ ಸಣ್ಣದಲ್ಲಪಾ?"

"ಪರದೆ ಮ್ಯಾಲ ಸಣ್ಣದು. ಒಳಗ ಎರಡೂ ಒಂದ ನಂಬರ್."

"ಹೌದಾ?" ಅಂದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಸಮಾನತೆ ಅಂತ ಹಿಗ್ಗಬೇಕಾಗಿಲ್ಲ. ಇಂಗ್ಲಿಷಿನ ಎಸ್ಸೆಮ್ಮೆಸ್ಸಿನಲ್ಲಿ 160 ಅಕ್ಷರ ಹಿಡಿಯುತ್ತವೆ, ಕನ್ನಡದಲ್ಲಿ 70ಕ್ಕೇ ಮುಗಿಯುತ್ತದೆ. ಅದರಲ್ಲೂ ಗುಡಿಸು, ಕೊಂಬುಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. ಈಗ ಯಂತ್ರವೇ ಪ್ರೋಗ್ರಾಂ ಬರೆಯುವ ಕಾಲ ಬಂದಿದೆ, ನಮ್ಮ ಕೆಲಸ ಎಷ್ಟು ದಿನವೋ. ಅದರೊಂದಿಗೆ ನಮ್ಮ ಸೀಮೆಯ ಮಾತಲ್ಲಿ ಮಾತಾಡಿ ನೋಡಿದೆವು. ಬಹಳ ಗೌರವದಿಂದ ಬೆಂಗಳೂರಿನ ಕನ್ನಡದಲ್ಲಿ ಉತ್ತರ ಕೊಟ್ಟಿತು.

2022ರ ಸಂಕ್ರಾಂತಿ ಹೊತ್ತಿಗೆ ಚಿಗವ್ವ ಮತ್ತೆ ಬೆಂಗಳೂರಿಗೆ ಹೊರಟಳು. ಹೊರಡುವ ಮುಂಚೆ ಮಗನ ಫೋನು ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ಮೇಸ್ತ್ರಿ ಪ್ರತಿ ಸಲ ದಿನಗಳ ಲೆಕ್ಕ ತಪ್ಪಿಸುತ್ತಾನೆ, ತನಗೆ ಬರೆಯಲು ಬರುವುದಿಲ್ಲ, ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಹಾಕಿದರೆ ಗೋಡೆಗೇ ಸುಣ್ಣ ಹಚ್ಚಿಬಿಡುತ್ತಾರೆ ಅಂದಳು. "ಊರ ಮಂದಿ ಪೆಟ್ಟಿಗಿ ಲೆಕ್ಕ ಇಡ್ತೀರಂತ. ನಂದೂ ಒಂದು ಲೆಕ್ಕ ಇಟ್ಟು ಕೊಡ್ರಿ."

ಎರಡು ರಾತ್ರಿಯಲ್ಲಿ ಮಾಡಿದೆವು. ಕೆಲಸ ಸಣ್ಣದು. ಪರದೆಯ ಮೇಲೆ ಪೂರ್ತಿ ಸೂರ್ಯ ಒತ್ತಿದರೆ ಒಂದು ದಿನ, ಅರ್ಧ ಸೂರ್ಯ ಒತ್ತಿದರೆ ಅರ್ಧ ದಿನ. ನೋಟಿನ ಚಿತ್ರ ಒತ್ತಿದರೆ ಮುಂಗಡ. ನೆಟ್‌ವರ್ಕು ಬೇಡ, ಫೋನಿನೊಳಗೇ ಉಳಿಯುತ್ತದೆ. ಕೇಳಿದರೆ ಒಟ್ಟು ಎಷ್ಟಾಯಿತು ಎಂದು ಬಾಯಿಬಿಟ್ಟು ಹೇಳುತ್ತದೆ. ಯಂತ್ರದ ದನಿ ಕೇಳಿ ಚಿಗವ್ವ ನಕ್ಕಳು, ಯಾವಳೋ ಟೀಚರಮ್ಮ ಮಾತಾಡಿದಂಗದ ಅಂದಳು. ಕೊನೆಗೆ ಅವ್ವನನ್ನು ಕೂರಿಸಿ ಒಂದರಿಂದ ತೊಂಬತ್ತೊಂಬತ್ತರವರೆಗೆ ಹೇಳಿಸಿ ಅದೇ ದನಿ ತುಂಬಿದೆವು. ನಾಯಿ ಬೊಗಳಿದ ಸದ್ದೂ ನಲವತ್ತೆರಡರಲ್ಲಿ ಸೇರಿಕೊಂಡಿದೆ.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕಾನೂನು ಬಂತು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ ಕಾರ್ಡು ಪಡೆಯಬಹುದು. ಓದುವ ಗೆಳೆಯರು ನಿಮ್ಮೂರಿನವರಿಗೆ ಇದನ್ನು ತಿಳಿಸಿ. ಫೋನಿನ ಲೆಕ್ಕವನ್ನು ಕಚೇರಿ ಒಪ್ಪುವುದಿಲ್ಲ, ದುಡಿದದ್ದಕ್ಕೆ ಕಾಗದ ಬೇಕು. ಆದರೆ ಎಷ್ಟು ದಿನಕ್ಕೆ ಕಾಗದ ಕೇಳಬೇಕು ಎಂದು ಗೊತ್ತಿರಬೇಕಲ್ಲ.

ಯುಗಾದಿಗೆ ಲೆಕ್ಕ ಮಾಡುವಾಗ ಮೇಸ್ತ್ರಿ ಅರವತ್ತೆರಡು ದಿನ ಅಂದ. ಚಿಗವ್ವ ಫೋನು ಒತ್ತಿದಳು. ಎಪ್ಪತ್ಮೂರು ಎಂದು ಅವ್ವನ ದನಿ ಹೇಳಿತು. ಅವನು ಮೊದಲು ನಕ್ಕ, ಆಮೇಲೆ ರೇಗಿದ. ಫೋನು ಹೇಳಿದ್ದೆಲ್ಲ ಲೆಕ್ಕ ಆಗಂಗಿಲ್ಲ ಅಂದ. ಗುಡಿಸಲಿನ ಇತರ ಹೆಂಗಸರೂ ತಮ್ಮ ತಮ್ಮ ಫೋನು ತೆಗೆದರು. ಅಷ್ಟರಲ್ಲಿ ಎಂಟು ಜನರ ಹತ್ತಿರ ಅದು ಹರಡಿತ್ತಂತೆ, ನಮಗೇ ಗೊತ್ತಿರಲಿಲ್ಲ. ಕೊನೆಗೆ ಚಿಗವ್ವನಿಗೆ ಆರು ದಿನದ್ದು ಕೊಟ್ಟ. ಐದು ದಿನದ್ದು ಇನ್ನೂ ಕೊಟ್ಟಿಲ್ಲ.

ಬಾಕಿ ಇರುವ ದಿನಗಳು ಪರದೆಯ ಮೇಲೆ ಕೆಂಪಗೆ ಕಾಣುವಂತೆ ಮಾಡಿದ್ದೆವು. ಹೋದ ವರ್ಷ ಆಕೆ ಹೊಸ ಫೋನು ಕೊಂಡಾಗ ಲೆಕ್ಕವನ್ನು ಅದಕ್ಕೆ ಬದಲಿಸಿಕೊಟ್ಟೆವು. ಹಳೆಯ ಬಾಕಿ ತೆಗೆದು ಹೊಸದಾಗಿ ಶುರು ಮಾಡೋಣವೇ ಎಂದು ಕೇಳಿದೆವು.

"ಅಳಸಬ್ಯಾಡ್ರಿ," ಅಂದಳು. "ಅವು ಐದೂ ಹಂಗ ಇರ್ಲಿ."